ಕದಲದ ಪೆಟ್ಟಿಗೆಗೂ ತಂತಿ ಬೇಡವೇ?

ಅಲ್ಲಾ ಸ್ವಾಮೀ, ನನಗೊಂದು ವಿಷಯ ಅರ್ಥವಾಗುವುದಿಲ್ಲ. ಫ್ರಿಜ್ಜಿಗೆ ತಂತಿ ಇದೆ, ಮಿಕ್ಸಿಗೆ ತಂತಿ ಇದೆ, ಇಸ್ತ್ರಿ ಪೆಟ್ಟಿಗೆಗೂ ತಂತಿ ಇದೆ. ಮೇಜಿನ ಮೇಲೆ ಗೂಟ ಹೊಡೆದುಕೊಂಡು ಕೂತಿರುವ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಮಾತ್ರ ಇಂಟರ್ನೆಟ್ಟು ಗಾಳಿಯಲ್ಲೇ ತೇಲಿ ಬರಬೇಕಂತೆ! ಅದರ ಬೆನ್ನಿಗೆ ಕರೆಂಟಿನದೊಂದು, ಮಾನಿಟರಿನದೊಂದು, ಕೀಬೋರ್ಡು, ಮೌಸು, ಸ್ಪೀಕರು ಅಂತ ಆಗಲೇ ಐದು ತಂತಿ ಜೋತಾಡುತ್ತಿವೆ. ಆರನೆಯದು ಬಂದರೆ ಮಾತ್ರ ಮನೆಯ ಮರ್ಯಾದೆ ಹೋಗುತ್ತದೆ.

ನಾವಿರುವುದು ಕಾಶಿಯ ಸೋನಾರ್‌ಪುರದಲ್ಲಿ. ಯಾತ್ರೆಗೆ ಬಂದವರಿಗೆ ಜಂಗಮವಾಡಿ ಮಠ, ಕೇದಾರ ಘಾಟು, ಹನುಮಾನ್ ಘಾಟು, ಕರ್ನಾಟಕ ಘಾಟು ನೆನಪಿರಬಹುದು. ಗೋದೌಲಿಯಾದಿಂದ ಅಸ್ಸಿ ಕಡೆಗೆ ಹೊರಟರೆ ಎಲ್ಲ ಆ ಸುತ್ತಮುತ್ತಲಲ್ಲೇ ಸಿಗುತ್ತವೆ. ಗಲ್ಲಿಯೊಳಗಿನ ಹಳೇ ಮನೆ, ಗೋಡೆ ಒಂದು ಮೊಳಕ್ಕೂ ದಪ್ಪ. ಬೇಸಿಗೆಗೆ ಪುಣ್ಯ, ಸಿಗ್ನಲ್ಲಿಗೆ ಪಾಪ.

ಹೊಸ ಕಂಪ್ಯೂಟರ್ ತಂದದ್ದು ನನ್ನ ಲೆಕ್ಕಪತ್ರಕ್ಕಲ್ಲ. ಸಾಗರದಲ್ಲಿರುವ ನನ್ನ ಮಾವನವರಿಗೆ ಎಂಬತ್ತಾರು. ಕಿವಿ ಮಂದ. ಭಾನುವಾರ ಸಂಜೆ ಮಗಳ ತುಟಿ ನೋಡಿಕೊಂಡೇ ಅರ್ಧ ಮಾತು ತಿಳಿದುಕೊಳ್ಳುತ್ತಾರೆ. ಮೊಬೈಲಿನ ಪುಟ್ಟ ತೆರೆಗಿಂತ ದೊಡ್ಡದರಲ್ಲಿ ಕೂತು ಆರಾಮಾಗಿ ಮಾತಾಡಲಿ, ನಮಗೂ ಅವರ ಮುಖ ಸರಿಯಾಗಿ ಕಾಣಲಿ ಅಂತ ತಂದದ್ದು. ಮೊದಲ ಭಾನುವಾರ ಐದು ನಿಮಿಷಕ್ಕೊಮ್ಮೆ ಕಡಿಯಿತು. ಎರಡನೇ ಭಾನುವಾರವೂ ಅದೇ ಕಥೆ. ಮೂರನೇ ಸಲ ಕಡಿದು ಮತ್ತೆ ಹತ್ತಿದಾಗ ಅವರು ಕೇಳಿದರು: “ಯಾಕೆ ಪುಟ್ಟೀ, ನಾನು ಹೇಳ್ತಾ ಇರುವಾಗಲೇ ಇಟ್ಟುಬಿಟ್ಟೆ?”

ಅವಳು ಉತ್ತರ ಕೊಡಲಿಲ್ಲ, ಅಡುಗೆಮನೆಗೆ ಹೋದಳು. ಕೋಪ ಬಂದದ್ದು ನನಗೆ.

ಕಂಪ್ಯೂಟರ್ ಅಂಗಡಿಯವನಿಗೆ ಫೋನ್ ಮಾಡಿದೆ. “ಬಾಬೂಜಿ, ಮೆಷಿನ್ ಫಸ್ಟ್ ಕ್ಲಾಸ್ ಇದೆ, ನೆಟ್ ಕಂಪನಿಯವರನ್ನು ಹಿಡೀರಿ” ಅಂದ. ನೆಟ್ ಕಂಪನಿಯವನು, “ನಮ್ಮ ಲೈನು ಸರಿ ಇದೆ, ರೂಟರ್ ಆಫ್ ಮಾಡಿ ಆನ್ ಮಾಡಿ” ಅಂದ. ಮಾಡಿದೆ. ಹತ್ತು ನಿಮಿಷ ಸರಿ, ಮತ್ತೆ ಶುರು. ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿರುವ ತಮ್ಮನ ಮಗ, “ದೊಡ್ಡಪ್ಪಾ, ಮೆಶ್ ಹಾಕಿಸಿಬಿಡಿ, ಎಲ್ಲ ಸರಿಹೋಗತ್ತೆ” ಅಂತ ಇನ್ನೊಂದು ಖರ್ಚಿನ ದಾರಿ ತೋರಿಸಿದ. ಕಾಯಿಲೆ ಏನು ಅಂತ ಒಬ್ಬರೂ ಕೇಳಲಿಲ್ಲ. ಎಲ್ಲರ ಹತ್ತಿರವೂ ಔಷಧ ಮಾತ್ರ ಸಿದ್ಧವಾಗಿತ್ತು.

ನಾನು ಬಿ.ಕಾಂ. ಓದಿ ಬ್ಯಾಂಕಿಗೆ ಸೇರಿದವನು. ಕಂಪ್ಯೂಟರ್ ವಿದ್ಯೆ ಅಷ್ಟಕ್ಕಷ್ಟೇ. ಆದರೆ ಲೆಕ್ಕ ತಾಳೆಯಾಗದಿದ್ದಾಗ ಏನು ಮಾಡಬೇಕು ಅಂತ ಗೊತ್ತು. ಎರಡು ಪುಸ್ತಕದ ನಡುವೆ ವ್ಯತ್ಯಾಸ ಬಂದರೆ ಬ್ರಾಂಚನ್ನೇ ಮುಚ್ಚಿ ಮತ್ತೆ ತೆರೆಯುವುದಿಲ್ಲ. ವ್ಯತ್ಯಾಸ ಯಾವ ಕಡೆ ಇದೆ ಅಂತ ಮೊದಲು ನೋಡುತ್ತೇವೆ.

ಇಲ್ಲೂ ಅಷ್ಟೇ. ಕಂಪ್ಯೂಟರಿನಲ್ಲಿ ಎರಡು ಕಪ್ಪು ಕಿಟಕಿ ತೆರೆದು ಎರಡರಲ್ಲೂ ಪಿಂಗ್ ಓಡಿಸಿದೆ. ಒಂದು ಮನೆಯ ರೂಟರಿಗೆ, ನಮ್ಮದರ ವಿಳಾಸ 192.168.1.1. ಇನ್ನೊಂದು ಹೊರಗಿನ 8.8.8.8ಕ್ಕೆ. ಹೊರಗಿನದು ಮಾತ್ರ ನಿಂತು ರೂಟರಿನಿಂದ ಉತ್ತರ ಬರುತ್ತಲೇ ಇದ್ದರೆ ವ್ಯತ್ಯಾಸ ಹೊರಗಿದೆ, ಕಂಪನಿಯವರನ್ನು ಧಾರಾಳವಾಗಿ ಬಯ್ಯಬಹುದು. ರೂಟರೇ ಉತ್ತರ ಕೊಡದಿದ್ದರೆ ಮನೆಯೊಳಗೇ ಇದೆ. ನಮ್ಮಲ್ಲಿ ಎರಡೂ ಒಟ್ಟಿಗೇ ನಿಲ್ಲುತ್ತಿದ್ದವು. ಎರಡು ವಾರದಿಂದ ಬಯ್ಯುತ್ತಿದ್ದ ಕಂಪನಿಯದು ಈ ವಿಷಯದಲ್ಲಿ ತಪ್ಪಿರಲಿಲ್ಲ. ಒಪ್ಪಿಕೊಳ್ಳಬೇಕಲ್ಲ, ಒಪ್ಪಿಕೊಂಡೆ.

ಮೇಜು ಎಳೆದು ಟಾರ್ಚು ಹಿಡಿದು ಪೆಟ್ಟಿಗೆಯ ಬೆನ್ನು ನೋಡಿದೆ. ಬಂಗಾರ ಬಣ್ಣದ ಎರಡು ತಿರುಪು ಖಾಲಿ ನಿಂತಿದ್ದವು. ಅದಕ್ಕೆ ಕೂರಿಸಬೇಕಾದ ಆಂಟೆನಾ ಮದರ್‌ಬೋರ್ಡಿನ ಖಾಲಿ ಡಬ್ಬಿಯಲ್ಲಿ, ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚದೆ, ಸುಖವಾಗಿ ಮಲಗಿತ್ತು! ಆಂಟೆನಾ ಇಲ್ಲದೆಯೂ ಅಷ್ಟಿಷ್ಟು ಸಿಗ್ನಲ್ ಬರುತ್ತದೆ, ಕಡ್ಡಿಗಳೂ ಕಾಣುತ್ತವೆ. ಹಾಗಾಗಿ ಜೋಡಿಸಿದವನಿಗೆ ಕೆಲಸ ಮುಗಿಯಿತು ಅನ್ನಿಸಿದೆ. ನಮ್ಮ ಬ್ಯಾಂಕಿನಲ್ಲಿ ಸಹಿ ಹಾಕದ ಡಿ.ಡಿ. ಕೊಟ್ಟು ಕಳಿಸಿದ್ದರೆ ಇಷ್ಟು ಸಲೀಸಾಗಿ ಪಾರಾಗುತ್ತಿದ್ದೆನೇ?

ಆಂಟೆನಾ ಹಾಕಿದ ಮೇಲೆ ಮುಕ್ಕಾಲು ವಾಸಿ. ಉಳಿದ ಕಾಲು ಭಾಗವೇ ನನಗೆ ಪಾಠ ಕಲಿಸಿತು. ಸಂಜೆ ಹೊತ್ತು ಕಡಿಯುವುದು ನಿಲ್ಲಲಿಲ್ಲ. ನೋಡಿ, ಗೋಡೆ ದಾಟಿ ಬರಬಲ್ಲ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಮೂರೇ ಮೂರು: 1, 6 ಮತ್ತು 11. ನಮ್ಮ ಗಲ್ಲಿಯಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಹುಡುಕಿದರೆ ಇಪ್ಪತ್ತಾರು ರೂಟರಿನ ಹೆಸರು ತೋರಿಸುತ್ತದೆ. ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು, ಉಳಿದವರು ಕಾಯಬೇಕು. ಸಾಲದ್ದಕ್ಕೆ ಮೈಕ್ರೋವೇವ್ ಒಲೆಗಳೂ ಅದೇ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. 5 ಗಿಗಾಹರ್ಟ್ಸಿನಲ್ಲಿ ಜಾಗ ಹೆಚ್ಚು, ಗಲಾಟೆ ಕಡಿಮೆ. ಆದರೆ ಅದು ನಮ್ಮ ಎರಡು ಗೋಡೆ ದಾಟುವ ಹೊತ್ತಿಗೆ ಏದುಸಿರು ಬಿಡುತ್ತಿತ್ತು.

ಇನ್ನೊಂದು ತಮಾಷೆ. ಫೋಟೋ ಇಡುವ ಹಾರ್ಡ್ ಡಿಸ್ಕನ್ನು ಹಿಂದಿನ ಯುಎಸ್‌ಬಿ 3.0 ಕಿಂಡಿಗೆ ಚುಚ್ಚಿದ ಕೂಡಲೇ ಸಂಪರ್ಕ ಬೀಳುತ್ತಿತ್ತು. ನನ್ನ ಭ್ರಮೆ ಅಂದುಕೊಂಡಿದ್ದೆ. 2012ರಲ್ಲೇ ಇಂಟೆಲ್ ಕಂಪನಿ ಇದರ ಬಗ್ಗೆ ಒಂದು ವರದಿ ಬರೆದಿಟ್ಟಿದೆ. ಯುಎಸ್‌ಬಿ 3.0 ಓಡುವಾಗ ಹೊಮ್ಮುವ ಗದ್ದಲ ಇದೇ 2.4ರ ಪಟ್ಟಿಯಲ್ಲಿ ಹತ್ತಿರದ ಆಂಟೆನಾಕ್ಕೆ ಸುಮಾರು 20 ಡೆಸಿಬೆಲ್‌ವರೆಗೂ ತಟ್ಟಬಹುದು, ಅಂದರೆ ನೂರು ಪಟ್ಟು. ಡಿಸ್ಕನ್ನು ಉದ್ದ ತಂತಿಯಲ್ಲಿ ಮುಂದಕ್ಕೆ ತಂದಿಟ್ಟ ಮೇಲೆ ಆ ಕಾಟ ತಪ್ಪಿತು. ಅಂಗಡಿಯವನು ಇದನ್ನು ಹೇಳಲಿಲ್ಲ. ಅವನಿಗೇ ಗೊತ್ತಿರಲಿಕ್ಕಿಲ್ಲ ಬಿಡಿ.

ಈಗ ನನ್ನ ತಕರಾರಿಗೆ ಬರುತ್ತೇನೆ. ತಂತಿಯಲ್ಲಿ ತಪ್ಪಾದರೆ ಅದಕ್ಕೊಬ್ಬ ವಾರಸುದಾರ ಇರುತ್ತಾನೆ. ತಂತಿ ಕಡಿದಿದೆಯೋ, ತುದಿ ಸಡಿಲವಾಗಿದೆಯೋ, ಕೈಯಿಟ್ಟು ತೋರಿಸಬಹುದು. ಗಾಳಿಯಲ್ಲಿ ಆದ ತಪ್ಪಿಗೆ ವಾರಸುದಾರ ಯಾರು? ಪಕ್ಕದ ಮನೆಯ ರೂಟರೇ, ಕೆಳಮನೆಯ ಒಲೆಯೇ, ಮಾಳಿಗೆಯ ಗೋಡೆಯೇ? ಯಾರೂ ಅಲ್ಲ. ಯಾರೂ ಅಲ್ಲದ ತಪ್ಪು ಮಾರುವವರಿಗೆ ಬಹಳ ಅನುಕೂಲ. ರೂಟರನ್ನು ಬಾಗಿಲ ಬಳಿ ನೇತುಹಾಕಿ ಹತ್ತೇ ನಿಮಿಷದಲ್ಲಿ ಬೈಕ್ ಹತ್ತಬಹುದು. ಗೋಡೆ ಕೊರೆಯುವ ಕೆಲಸವಿಲ್ಲ, ತಂತಿ ಎಳೆಯುವ ಕೂಲಿಯಿಲ್ಲ. ಉಳಿದದ್ದು ಗಿರಾಕಿಯ ಹಣೆಬರಹ.

ನಾವೂ ಕಡಿಮೆಯವರಲ್ಲ. ತಂತಿ ಅಂದರೆ ಹಳೇದು, ತಂತಿಯಿಲ್ಲದ್ದು ಹೊಸದು ಅಂತ ನಂಬಿಬಿಟ್ಟಿದ್ದೇವೆ. ಇದೇ ಊರಿನಲ್ಲಿ, 2018ರಲ್ಲಿ ಉದ್ಘಾಟನೆಯಾದ ಹಳೇ ಕಾಶಿಯ ವಿದ್ಯುತ್ ಯೋಜನೆಯಲ್ಲಿ, ಗಲ್ಲಿಗಳ ನೆತ್ತಿಯ ಮೇಲೆ ಜೇಡರಬಲೆಯಂತಿದ್ದ ಎಷ್ಟೋ ತಂತಿಗಳನ್ನು ನೆಲದಡಿಗೆ ಇಳಿಸಿದರು. ಗಲ್ಲಿಗೆ ಗಲ್ಲಿ ಅಗೆದು ಮಾಡಿದ ಕೆಲಸ ಅದು. ತಂತಿ ಕಣ್ಣಿಗೆ ಕಾಣಬಾರದು ಅಂತ ಇಳಿಸಿದರೇ ಹೊರತು ತಂತಿಯೇ ಬೇಡ ಅನ್ನಲಿಲ್ಲ. ನಮ್ಮ ಮನೆಗೆ ಬರುವ ಇಂಟರ್ನೆಟ್ಟು ಕೂಡ ರೂಟರಿನ ತನಕ ತಂತಿಯಲ್ಲೇ ಬರುತ್ತದೆ. ಕೊನೆಯ ಮೂವತ್ತು ಅಡಿಯಲ್ಲಿ ಮಾತ್ರ ಅದಕ್ಕೆ ರೆಕ್ಕೆ ಕಟ್ಟುತ್ತೇವೆ.

“ಬಾಡಿಗೆ ಮನೆ, ಗೋಡೆ ಕೊರೆದರೆ ಯಜಮಾನರು ಬಿಡುತ್ತಾರೆಯೇ?” ಅನ್ನುತ್ತೀರಿ. ನಿಜ, ಊರು ಬಿಟ್ಟು ಬಂದ ನಮ್ಮಲ್ಲಿ ಬಹಳ ಮಂದಿಯ ಪಾಡು ಅದೇ. ಕೊರೆಯಲೇಬೇಕೆಂದಿಲ್ಲ. ಬಾಗಿಲ ಚೌಕಟ್ಟಿನ ಅಂಚಿನಲ್ಲಿ, ಗೋಡೆಯ ಬುಡದಲ್ಲಿ ಕ್ಲಿಪ್ಪು ಹಾಕಿ ಎಳೆಯಬಹುದು. ಅದೂ ಆಗದಿದ್ದರೆ ಆಂಟೆನಾ ಕೂತಿದೆಯೇ ನೋಡಿ, ಪೆಟ್ಟಿಗೆಯನ್ನು ಮೇಜಿನ ಕೆಳಗಿಂದ ಮೇಲಕ್ಕೆತ್ತಿ, ರೂಟರನ್ನು ಮನೆಯ ನಡುವೆ ತನ್ನಿ. ಮೊಬೈಲಿಗೆ ವೈಫೈ ಬೇಕೇ ಬೇಕು, ಅದು ನಮ್ಮ ಜೊತೆ ಓಡಾಡುತ್ತದೆ. ಓಡಾಡುವುದಕ್ಕೆ ಗಾಳಿ, ಕೂತಿರುವುದಕ್ಕೆ ತಂತಿ. ಕದಲದವರು ಗಾಳಿ ಬಿಟ್ಟುಕೊಟ್ಟರೆ ಕದಲುವವರಿಗೂ ಜಾಗವಾಗುತ್ತದೆ. ಮೆಶ್ ಅಂದನಲ್ಲ ನಮ್ಮ ಹುಡುಗ, ಅದರ ಡಬ್ಬಿಗಳ ನಡುವೆಯೂ ತಂತಿ ಎಳೆದರೇ ಅದು ಚೆನ್ನಾಗಿ ಓಡುವುದು. ಕೇಳಿದೆ, ಒಪ್ಪಿಕೊಂಡ.

ಇಪ್ಪತ್ತು ಮೀಟರ್ ತಂತಿ ತಂದು, ದೇವರ ಕೋಣೆಯ ಬಾಗಿಲ ಮೇಲಿಂದ ಎಳೆದೆವು. ಇಂಥ ತಂತಿ ನೂರು ಮೀಟರಿನ ತನಕ ನಿಶ್ಚಿಂತೆಯಾಗಿ ನಡೆಯುತ್ತದೆ. ನೋಡಲು ಅಷ್ಟು ಚಂದವಿಲ್ಲ, ಬಂದವರೆಲ್ಲ “ಇದೇನ್ರೀ?” ಅನ್ನುತ್ತಾರೆ. ಅನ್ನಲಿ.

ಕಳೆದ ಭಾನುವಾರ ಮಾವನವರು ಐವತ್ತು ನಿಮಿಷ ಮಾತಾಡಿದರು. ಅಡಿಕೆ ಕೊಳೆ, ಪಕ್ಕದ ತೋಟದ ಬೇಲಿ ತಕರಾರು, ಯಾರದೋ ಉಪನಯನ, ಎಲ್ಲ ಆಯಿತು. ಒಮ್ಮೆಯೂ ಕಡಿಯಲಿಲ್ಲ. ಕೊನೆಗೆ ಅವರೇ ಹೇಳಿದರು: “ಸಾಕು ಪುಟ್ಟೀ, ಕಣ್ಣು ಎಳೀತಾ ಇದೆ. ಇನ್ನು ನಾನೇ ಇಡ್ತೀನಿ.”