ಏನೂ ಆಗಲ್ಲ ಬಿಡಿ..

"ಏನೂ ಆಗಲ್ಲ ಬಿಡಿ, ಒಂದೇ ಒಂದು ಫೋಟೋ!"

ಕನ್ನಡದಲ್ಲಿ ಅತ್ಯಂತ ಅಪಾಯಕಾರಿ ಮಾತು ಯಾವುದು ಅಂತ ಯಾರಾದ್ರೂ ಕೇಳಿದ್ರೆ ನಾನು ಇದನ್ನೇ ತೋರಿಸ್ತೀನಿ.

ಬೇ ಏರಿಯಾದಿಂದ ಉತ್ತರಕ್ಕೆ ನಾಲ್ಕೈದು ಗಂಟೆ ಕಾರು ಓಡಿಸಿದ್ರೆ ಲಾಸೆನ್ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನ ಸಿಗುತ್ತೆ. ಈ ಆಗಸ್ಟಿನ ಒಂದು ವೀಕೆಂಡು ಮೂರು ಸಂಸಾರ, ಎರಡು ವ್ಯಾನು, ಐದು ಮಕ್ಕಳು, ಒಂದು ದೊಡ್ಡ ಡಬ್ಬಿ ಪುಳಿಯೋಗರೆ, ಕೂಲರಿನ ತುಂಬ ಮೊಸರನ್ನ ಸಮೇತ ಹೊರಟೆವು. ದಾರಿಯುದ್ದಕ್ಕೂ ಅಂತ್ಯಾಕ್ಷರಿ. 2021ರ ಡಿಕ್ಸಿ ಕಾಡ್ಗಿಚ್ಚಿನಲ್ಲಿ ಸುಟ್ಟು ಕರ್ರಗೆ ನಿಂತ ಮರಗಳು ಕಾಣಿಸಿದ ಮೇಲೆ ಮಾತ್ರ ವ್ಯಾನಿನೊಳಗೆ ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಾದರು.

10,457 ಅಡಿ ಎತ್ತರದ ಲಾಸೆನ್ ಶಿಖರ ನೋಡಿದ್ರೆ ಪಾಪದ ಬೆಟ್ಟ. ಆದರೆ 1914ರಿಂದ 1917ರ ತನಕ ಇದು ಮತ್ತೆ ಮತ್ತೆ ಸಿಡಿದಿತ್ತು. 1915ರ ಮೇ 22ರಂದು ಆದದ್ದು ಎಲ್ಲಕ್ಕಿಂತ ದೊಡ್ಡ ಸ್ಫೋಟ. ಮರುವರ್ಷವೇ ಸರ್ಕಾರ ಇದನ್ನು ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿತು. ನೆಲದಡಿಯ ಕಾವು ಇನ್ನೂ ಆರಿಲ್ಲ. ಅದನ್ನು ನೋಡಲಿಕ್ಕೆ ಅಂತಲೇ ನಾವು ಹೋಗಿದ್ದು 'ಬಂಪಸ್ ಹೆಲ್' ಅನ್ನೋ ಜಾಗಕ್ಕೆ. ಅಂದ್ರೆ ಬಂಪಸ್ಸನ ನರಕ!

ಹೆಸರಿನ ಹಿಂದೆ ಒಂದು ಕಥೆ ಇದೆ. 1860ರ ದಶಕದಲ್ಲಿ ಕೆಂಡಲ್ ಬಂಪಸ್ ಅನ್ನುವವನು ಈ ಜಾಗ ತೋರಿಸಲು ಜನರನ್ನು ಕರೆದುಕೊಂಡು ಹೋಗ್ತಿದ್ದ. ಒಂದು ದಿನ ಗಟ್ಟಿ ಅಂದುಕೊಂಡ ನೆಲ ಮುರಿದು, ಕಾಲು ಕುದಿಯುವ ಕೆಸರಿಗೆ ಇಳಿಯಿತು. ಕೊನೆಗೆ ಆ ಕಾಲನ್ನೇ ಕಳಕೊಂಡ. ಗಮನಿಸಿ, ಅವನು ವೀಕೆಂಡಿಗೆ ಬಂದ ನಮ್ಮಂಥ ಪ್ರವಾಸಿ ಅಲ್ಲ. ಆ ಜಾಗ ಚೆನ್ನಾಗಿ ಗೊತ್ತಿದ್ದ ಮನುಷ್ಯ.

ಇಷ್ಟು ಕಥೆಯನ್ನ ಮಕ್ಕಳಿಗೆ ದೊಡ್ಡದಾಗಿ ಹೇಳಿ ಹತ್ತು ನಿಮಿಷ ಆಗಿರಲಿಲ್ಲ, ಜೊತೆಗೆ ಬಂದಿದ್ದ ಗೆಳೆಯರು ಹಲಗೆ ದಾರಿಯಿಂದ ಕೆಳಗೆ ಇಳಿದೇಬಿಟ್ಟರು. ಹಿಂದೆ ಹೊಗೆ ಚೆನ್ನಾಗಿ ಬರುತ್ತಂತೆ. ನಾನು ಬೇಡ ಅಂದೆ. "ಏನೂ ಆಗಲ್ಲ ಬಿಡಿ" ಅಂದರು. ಫೋಟೋ ತೆಗೆದೆ. ಹೌದು ಸ್ವಾಮಿ, ತೆಗೆದವನು ನಾನೇ! ಏನೂ ಆಗಲಿಲ್ಲ. ಅವರು ನಗುತ್ತಾ ಮೇಲೆ ಬಂದರು. ಆಗ ನನ್ನ ಎಂಟು ವರ್ಷದ ಮಗಳು ಕೇಳಿದಳು, "ಅಪ್ಪಾ, ಅಂಕಲ್‌ಗೆ ಬೋರ್ಡ್ ಓದೋಕೆ ಬರಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಲ್ಲಿ ನಡೆಯೋದು ಇಷ್ಟು. ಮಳೆ, ಹಿಮದ ನೀರು ಆಳಕ್ಕೆ ಇಂಗಿ, ಕೆಳಗಿನ ಕಾವಿಗೆ ಉಗಿಯಾಗಿ ಮೇಲೇಳುತ್ತೆ. ಜೊತೆಗೆ ಬರುವ ಗಂಧಕದ ಅನಿಲದಿಂದ ಆಮ್ಲ ತಯಾರಾಗಿ ಕಲ್ಲನ್ನೇ ಜೇಡಿ ಮಾಡಿಬಿಡುತ್ತೆ. ಮೇಲೆ ಒಣಗಿದ ಹಪ್ಪಳದಂಥ ಪದರ, ಕೆಳಗೆ ಕುದಿಯೋ ಕೆಸರು. ಎಲ್ಲಿ ಒಂದಡಿ ದಪ್ಪ, ಎಲ್ಲಿ ಒಂದಂಗುಲ ಅಂತ ಮೇಲಿಂದ ನೋಡಿ ಹೇಳಲಾಗಲ್ಲ. ಅಲ್ಲಿನ 'ಬಿಗ್ ಬಾಯ್ಲರ್' ಅನ್ನೋ ಉಗಿರಂಧ್ರದಲ್ಲಿ 161 ಡಿಗ್ರಿ ಸೆಲ್ಸಿಯಸ್ ತನಕ ಬಿಸಿ ಅಳೆದಿದ್ದಾರೆ. ನಮ್ಮ ಇಡ್ಲಿ ಬೇಯೋಕೆ ನೂರು ಸಾಕು.

"ಇದೆಲ್ಲ ಅತಿ ಆಯ್ತು" ಅನ್ನೋರಿಗೆ ಯೆಲ್ಲೋಸ್ಟೋನ್ ನೆನಪಿಸ್ತೀನಿ. ಅಲ್ಲಿನ ಬಿಸಿನೀರಿನಲ್ಲಿ ಬೆಂದು ಸತ್ತವರು ಇಪ್ಪತ್ತಕ್ಕೂ ಹೆಚ್ಚು. 2016ರ ಜೂನಿನಲ್ಲಿ 23 ವರ್ಷದ ಯುವಕನೊಬ್ಬ ಹಲಗೆ ದಾರಿ ಬಿಟ್ಟು ಹೋಗಿ ಬುಗ್ಗೆಗೆ ಬಿದ್ದ. ಮನೆಯವರಿಗೆ ದೇಹ ಕೂಡ ಸಿಗಲಿಲ್ಲ.

"ಅಮೆರಿಕದವರೂ ಇಳೀತಾರಲ್ಲ?" ಅಂತ ಕೇಳಬಹುದು. ಇಳೀತಾರೆ, ಒಪ್ಪಿದೆ. ಪೆದ್ದುತನಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ. ಆದರೆ ಅವರು ಇಳಿದರು ಅನ್ನೋದರಿಂದ ನೆಲ ಗಟ್ಟಿಯಾಗಲ್ಲ. "ಇಷ್ಟು ದೂರ ಬಂದು ಒಂದು ಫೋಟೋ ಬೇಡ್ವಾ?" ಅನ್ನೋದು ಇನ್ನೊಂದು ವಾದ. ಹಲಗೆ ಮೇಲೆ ನಿಂತರೆ ಹೊಗೆ ಕಾಣಲ್ವಾ? ಬೇಕಾಗಿರೋದು ಹೊಗೆ ಅಲ್ಲ, 'ನೋಡಿ, ನಾನು ಎಲ್ಲಿ ನಿಂತಿದೀನಿ' ಅನ್ನೋದು. ಜೋಗದ ಬಂಡೆ ತುದಿಗೆ ಹೋಗಿ ಬಗ್ಗಿ ನೋಡುವ ನಮ್ಮ ಚಟವೇ ವೀಸಾ ಹೊಡೆಸ್ಕೊಂಡು ಇಲ್ಲಿಗೂ ಬಂದಿದೆ ಅಷ್ಟೇ :-)

ನಿಜವಾದ ತೊಂದರೆ ಏನು ಗೊತ್ತಾ? ಬಹಳಷ್ಟು ಸಲ ಏನೂ ಆಗೋದೇ ಇಲ್ಲ. ಹಾಗಾಗಿ ನಾವು ಗೆದ್ದೆವು ಅಂದ್ಕೊಳ್ತೀವಿ. ನೋಡ್ತಾ ನಿಂತ ಮಕ್ಕಳು ಬೋರ್ಡು ಇರೋದು ಬೇರೆಯವರಿಗೆ ಅನ್ನೋ ಪಾಠ ಕಲಿತು ಮನೆಗೆ ಬರ್ತಾರೆ. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ! ಮುಂದಿನ ಸಲ ಇಳಿಯೋದು ಎಂಬತ್ತು ಕೆಜಿಯ ಅಂಕಲ್ ಅಲ್ಲ, ಅವರನ್ನು ನೋಡಿದ ಹುಡುಗ. ಹಿಡ್ಕೊಳ್ಳೋಕೆ ಪಕ್ಕದಲ್ಲಿ ನಾವಿರಲ್ಲ.

ಆ ಫೋಟೋ ಅಳಿಸಿದೆ. ಕಳಿಸಿ ಅಂತ ಗೆಳೆಯರು ಎರಡು ಸಲ ಕೇಳಿದರು, ಯಾಕೆ ಇಲ್ಲ ಅಂತಲೂ ಹೇಳಿದೆ. ಸ್ವಲ್ಪ ಮುನಿಸಿಕೊಂಡಿದ್ದಾರೆ. ಪರವಾಗಿಲ್ಲ. ಅಲ್ಲೇ, ಆಗಲೇ, ಮಕ್ಕಳೆದುರಿಗೇ "ನಾನು ತೆಗೆಯಲ್ಲ, ಮೇಲೆ ಬನ್ನಿ" ಅನ್ನಬೇಕಿತ್ತು. ಸಂಕೋಚ ಅಡ್ಡ ಬಂತು.

ನೀವು ಹೋದಾಗ ಆ ಸಂಕೋಚ ಬಿಡಿ. ಕ್ಯಾಮರಾ ಕೆಳಗಿಡಿ. ನಿಮ್ಮ ಗುಂಪಿನಲ್ಲೂ ಇಂಥವರು ಒಬ್ಬರು ಇದ್ದೇ ಇರ್ತಾರೆ, ಅಲ್ವಾ? ಅವರಿಗೆ ನೀವು ಏನಂತೀರಿ, ಹೇಳಿ.