ಕಳುಹಿಸುವವರು ಯಾರು?

ಮಿಷನ್ ಭಾನುವಾರದ ಬಲಿಪೂಜೆಯಲ್ಲಿ ಕಾಣಿಕೆಯ ತಟ್ಟೆ ಮುಂದೆ ಬಂದಾಗ ನಾವೆಲ್ಲರೂ ಯಥಾಶಕ್ತಿ ಹಣ ಹಾಕುತ್ತೇವೆ. 1926ರಲ್ಲಿ ಜಗದ್ಗುರು ಹನ್ನೊಂದನೆಯ ಪಯಸ್‌ರವರು ಆರಂಭಿಸಿದ ಈ ಆಚರಣೆ ಲೋಕದ ಎಲ್ಲ ಧರ್ಮಕೇಂದ್ರಗಳಲ್ಲಿಯೂ ಅಕ್ಟೋಬರ್ ತಿಂಗಳಲ್ಲಿ ನಡೆದು ಬಂದಿದೆ. ಆದರೆ ಹಣದ ಬದಲು ನಿಮ್ಮ ಮಗನನ್ನೋ ಮಗಳನ್ನೋ ಕೊಡಿರೆಂದು ಯಾರಾದರೂ ಕೇಳಿದರೆ ನಮ್ಮ ಉತ್ತರವೇನು? ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ. ಶ್ರೀನಿವಾಸಪುರದ ಕಡೆಯ ಒಂದು ಮನೆಯಿಂದ ಬಂದುದು.

ಆ ಮನೆಯ ಹುಡುಗಿ ಬೆಂಗಳೂರಿನಲ್ಲಿ ನರ್ಸಿಂಗ್ ಓದಿದಳು. ಮಾವಿನ ತೋಪಿನ ಮೇಲೆ ತಂದೆ ಸಾಲ ಮಾಡಿದ್ದರು. ಕಾಲೇಜಿನಲ್ಲಿ ಕಥೋಲಿಕ ವಿದ್ಯಾರ್ಥಿಗಳ ಚಿಕ್ಕ ಬಳಗವೊಂದಿತ್ತು. ವಾರಕ್ಕೊಮ್ಮೆ ಕೂಡಿ ಶುಭಸಂದೇಶ ಓದುವುದು, ಭಾನುವಾರ ಅನಾಥ ರೋಗಿಗಳನ್ನು ನೋಡಿಬರುವುದು, ಇಷ್ಟೇ ಅದರ ಕಾರ್ಯಕ್ರಮ. ಓದು ಮುಗಿಯುವ ಹೊತ್ತಿಗೆ ಆಕೆಯ ಮನಸ್ಸಿನಲ್ಲಿ ಒಂದು ಆಸೆ ಬೇರೂರಿತ್ತು: ಆಫ್ರಿಕದ ಮಿಷನ್ ಆಸ್ಪತ್ರೆಯೊಂದರಲ್ಲಿ ಎರಡು ವರ್ಷ ಸೇವೆ ಮಾಡಬೇಕು. ತಂದೆ ನನ್ನ ಬಳಿಗೆ ಬಂದು ಕಣ್ಣೀರಿಟ್ಟರು. "ಗಲ್ಫ್‌ಗೆ ಹೋಗುತ್ತೇನೆ ಎಂದಿದ್ದರೆ ಊರಿಗೆಲ್ಲಾ ಸಿಹಿ ಹಂಚುತ್ತಿದ್ದೆ ಫಾದರ್. ಇದು ಯಾವ ಹುಚ್ಚು? ಸಾಲ ತೀರಿಸುವವರು ಯಾರು?"

ನಾನು ಹುಡುಗಿಯನ್ನು ಕರೆಸಿ, "ಇದೆಲ್ಲಾ ವಯಸ್ಸಿನ ಉತ್ಸಾಹ, ಮೊದಲು ನೆಲೆ ನಿಲ್ಲು ಮಗಳೇ" ಎಂದು ಬುದ್ಧಿ ಹೇಳಿದೆ. ಆಕೆ ವಾದಿಸಲಿಲ್ಲ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಮೂರು ವರ್ಷ ರಾತ್ರಿ ಪಾಳಿ ದುಡಿದು, ಸಾಲವನ್ನು ಬಡ್ಡಿಸಹಿತ ತೀರಿಸಿ, ತಂದೆಯ ಕೈಯಲ್ಲಿ ಪತ್ರವಿಟ್ಟು, ಅನಂತರ ಹೊರಟಳು. ನಾನು ಯಾವುದನ್ನು ಉತ್ಸಾಹವೆಂದು ಕರೆದಿದ್ದೆನೋ ಅದು ಮೂರು ವರ್ಷ ಕಾದರೂ ಆರಿರಲಿಲ್ಲ. ತಪ್ಪು ತೂಕ ಹಾಕಿದವನು ನಾನು.

ಧರ್ಮಸಭೆಯ ಇತಿಹಾಸ ಬಲ್ಲವನು ಹೀಗೆ ತಪ್ಪಬಾರದಿತ್ತು. ಸಂತ ಫ್ರಾನ್ಸಿಸ್ ಝೇವಿಯರ್ ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಬೋಧಿಸುತ್ತಿದ್ದವರು. ಅವರ ಬಾಳನ್ನು ತಿರುಗಿಸಿದ್ದು ಕೋಣೆಯ ಜೊತೆಗಾರರಾದ ಇಗ್ನೇಷಿಯಸ್ ಲೊಯೋಲರ ಸ್ನೇಹ. 1542ರ ಮೇ 6ರಂದು ಗೋವೆಗೆ ಬಂದಿಳಿದ ಅವರು ಎರಡು ವರ್ಷಗಳ ತರುವಾಯ ಬರೆದ ಪತ್ರದಲ್ಲಿ, ಯೂರೋಪಿನ ವಿದ್ಯಾಲಯಗಳಿಗೆ ಹೋಗಿ ಅಲ್ಲಿನ ಪಂಡಿತರನ್ನು ಕೂಗಿ ಎಚ್ಚರಿಸುವ ಹಂಬಲವನ್ನು ತೋಡಿಕೊಂಡಿದ್ದಾರೆ. ನಮ್ಮ ಧರ್ಮಕೇಂದ್ರಗಳಲ್ಲಿ ಬಡವರ ಮನೆ ಬಾಗಿಲು ತಟ್ಟುವ ಸಂತ ವಿನ್ಸೆಂಟ್ ದ ಪಾಲ್ ಸಭೆಯನ್ನು 1833ರಲ್ಲಿ ಪ್ಯಾರಿಸಿನಲ್ಲಿ ಆರಂಭಿಸಿದವರೂ ವಿದ್ಯಾರ್ಥಿಗಳೇ. ಫ್ರೆಡರಿಕ್ ಓಜಾನಮ್‌ಗೆ ಆಗ ಇಪ್ಪತ್ತೇ ವರ್ಷ. ಭಾರತದಲ್ಲಿ ಕಥೋಲಿಕ ವಿದ್ಯಾರ್ಥಿಗಳ ಒಕ್ಕೂಟ 1924ರಲ್ಲಿಯೇ ಹುಟ್ಟಿತು.

2025ರ ಸೆಪ್ಟೆಂಬರ್ 7ರಂದು ಸಂತಪದವಿಗೇರಿದ ಪಿಯರ್ ಜಾರ್ಜಿಯೊ ಫ್ರಸ್ಸಾತಿಯವರನ್ನಂತೂ ನಮ್ಮ ಜಿಲ್ಲೆ ವಿಶೇಷವಾಗಿ ನೆನೆಯಬೇಕು. ಇಟಲಿಯ ಟ್ಯೂರಿನ್ ನಗರದ ಶ್ರೀಮಂತ ಮನೆತನದ ಆ ಯುವಕ ಗಣಿ ಎಂಜಿನಿಯರಿಂಗ್ ಆರಿಸಿಕೊಂಡದ್ದು ಗಣಿ ಕಾರ್ಮಿಕರ ನಡುವೆ ಕ್ರಿಸ್ತರ ಸೇವೆ ಮಾಡುವುದಕ್ಕಾಗಿ. ಪದವಿ ಕೈಸೇರುವ ಮುನ್ನವೇ, 1925ರಲ್ಲಿ, 24ನೆಯ ವಯಸ್ಸಿನಲ್ಲಿ ಆತ ತೀರಿಕೊಂಡರು. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿದಾಗ ಒಲೆ ಆರಿದ ಮನೆಗಳನ್ನು ಕಂಡವರಿಗೆ, ಗಣಿಯವರ ಜೊತೆಗಿರಬೇಕೆಂಬ ಆಸೆಯ ಬೆಲೆ ಏನೆಂದು ಬೇರೆ ಹೇಳಬೇಕಾಗಿಲ್ಲ.

ಈಗಿನ ಜಗದ್ಗುರು ಹದಿನಾಲ್ಕನೆಯ ಲಿಯೋರವರು 1977ರಲ್ಲಿ ಗಣಿತದ ಪದವಿ ಪಡೆದು, ಗುರುದೀಕ್ಷೆಯ ನಂತರ 1985ರಲ್ಲಿ ಪೆರು ದೇಶದ ಮಿಷನ್ನಿಗೆ ಹೋದವರು. ನಮ್ಮ ಕೋಲಾರದಲ್ಲಿಯೂ ಇ.ಟಿ.ಸಿ.ಎಂ. ಆಸ್ಪತ್ರೆಯನ್ನು ಕಟ್ಟಿದ್ದು ಹೊರದೇಶದಿಂದ ಬಂದ ಮೆಥೋಡಿಸ್ಟ್ ಮಿಷನ್. ಅಲ್ಲಿ ಹೆರಿಗೆಯಾದ ತಾಯಂದಿರಲ್ಲಿ ಎಲ್ಲ ಜಾತಿ ಮತದವರೂ ಇದ್ದಾರೆ. ಯಾರದೋ ಮನೆಯ ಮಕ್ಕಳು ಕಡಲು ದಾಟಿ ಬಂದುದರ ಫಲವನ್ನು ನಾವು ಉಂಡಿದ್ದೇವೆ. ನಮ್ಮ ಮನೆಯ ಮಗಳು ಕಡಲು ದಾಟುವಾಗ ಮಾತ್ರ ಸಂಬಳವೆಷ್ಟೆಂದು ಕೇಳುತ್ತೇವೆ.

ಆಕೆ ಹಿಂದಿರುಗಿದಾಗ ಅನುಭವ ಕೇಳಿದೆ. "ಮೊದಲ ಆರು ತಿಂಗಳು ನಾನು ಯಾರಿಗೂ ಏನೂ ಕಲಿಸಲಿಲ್ಲ ಫಾದರ್. ವಾರ್ಡಿನ ಅಜ್ಜಿಯರೇ ನನಗೆ ಅವರ ಮಾತು ಕಲಿಸಿದರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪೂಜೆಯಲ್ಲಿ ತಮಿಳು ಕೇಳಿ ಬೆಳೆದವಳಿಗೆ ಇನ್ನೊಂದು ಭಾಷೆ ಭಾರವಾಗಲಿಲ್ಲ" ಎಂದು ನಕ್ಕಳು. ಅನಂತರ ಹೇಳಿದ ಮಾತು ನನ್ನ ನಿದ್ದೆ ಕೆಡಿಸಿತು. ಹಿಂದಿನ ಭಾನುವಾರ ಕೋಲಾರದ ಬಸ್ ನಿಲ್ದಾಣದಲ್ಲಿ ಜಾರ್ಖಂಡಿನ ಮೂವರು ವಿದ್ಯಾರ್ಥಿನಿಯರು ದೇವಾಲಯದ ದಾರಿ ಕೇಳುತ್ತಿದ್ದರಂತೆ. ಓದಲು ಬಂದು ಆರು ತಿಂಗಳಾಗಿತ್ತು. "ನಾನು ಪರದೇಶಕ್ಕೆ ಹೋದ ಮೊದಲ ದಿನವೇ ಜನ ನನ್ನ ಹೆಸರು ಕೇಳಿದರು. ಈ ಮಕ್ಕಳ ಹೆಸರನ್ನು ಇಲ್ಲಿ ಇನ್ನೂ ಯಾರೂ ಕೇಳಿಲ್ಲ ಫಾದರ್."

ಪ್ರಿಯ ಬಂಧುಗಳೇ, 'ಪ್ರೇಷಿತ' ಎಂದರೆ ಕಳುಹಿಸಲ್ಪಟ್ಟವನು. ಕಳುಹಿಸುವವರಿಲ್ಲದೆ ಪ್ರೇಷಿತನಿಲ್ಲ. ಸೆಮಿನರಿಯಲ್ಲಿ ಸಂತ ಥಾಮಸ್ ಅಕ್ವಿನಾಸರ ತತ್ತ್ವ ಓದುವಾಗ, ಹರಡಿಕೊಳ್ಳುವುದು ಒಳಿತಿನ ಸ್ವಭಾವವೆಂದು ಕಲಿತಿದ್ದೆ. ಹರಡದ ಒಳಿತು ಕೊಳಗದ ಕೆಳಗಿಟ್ಟ ದೀಪ. ಹರಡುವುದೆಂದರೆ ತಲೆ ಎಣಿಸುವುದಲ್ಲ, ಆಸೆ ತೋರಿಸಿ ಸೆಳೆಯುವುದೂ ಅಲ್ಲ. ನಂಬಿಕೆಯ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಬಾರದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಸಾರಿದೆ. ರೋಗಿಯ ಹಾಸಿಗೆಯ ಬಳಿ ಎಚ್ಚರವಿರುವುದು, ಅಪರಿಚಿತನ ಹೆಸರು ಕೇಳುವುದು ಕೂಡ ಸಾಕ್ಷ್ಯವೇ.

ಆದ್ದರಿಂದ ತಂದೆತಾಯಂದಿರಲ್ಲಿ ಒಂದು ವಿನಂತಿ. ಮಕ್ಕಳು ಇಂಥ ಆಸೆ ಹೇಳಿದಾಗ ನನ್ನಂತೆ ಅವಸರದಲ್ಲಿ ಅಲ್ಲಗಳೆಯಬೇಡಿ. ಕಣ್ಣು ಮುಚ್ಚಿ ಒಪ್ಪಲೂ ಬೇಡಿ. ಕಾಲದ ಒರೆಗೆ ಹಚ್ಚಿ ನೋಡಿ. ಕರೆ ನಿಜವಾದರೆ ಅದು ಮನೆಯ ಋಣವನ್ನು ತೀರಿಸಿಯೇ ಹೊರಡುತ್ತದೆ. ಧರ್ಮಕೇಂದ್ರಗಳಲ್ಲಿಯೂ ಒಂದು ವಿನಂತಿ. ಬೆಂಗಳೂರಿಗೆ ಓದಲು ಹೋದ ನಮ್ಮ ಮಕ್ಕಳ ಪಟ್ಟಿ ಮಾಡಿ, ತಿಂಗಳಿಗೊಮ್ಮೆ ಮಾತನಾಡಿಸೋಣ. ಟಮಕದ ಕಾಲೇಜುಗಳಿಗೆ, ನರಸಾಪುರ ಮಾಲೂರುಗಳ ಕಾರ್ಖಾನೆಗಳಿಗೆ, ಮುಳಬಾಗಿಲಿನ ಬಾಡಿಗೆ ಕೋಣೆಗಳಿಗೆ ಬಂದಿರುವ ಪರವೂರಿನ ಯುವಜನರನ್ನು ಹುಡುಕಿ, ಭಾನುವಾರ ಒಂದು ಹೊತ್ತಿನ ಊಟಕ್ಕೆ ಕರೆಯೋಣ.

ಆ ಮೂವರು ಹುಡುಗಿಯರು ಕಳೆದ ವಾರ ಶ್ರೀನಿವಾಸಪುರದ ಆ ಮನೆಯಲ್ಲಿ ಮುದ್ದೆ ಸಾರು ಉಂಡರು. ಬಡಿಸಿದವರು ಸಾಲದ ಚಿಂತೆಯಲ್ಲಿ ಅಂದು ಕಣ್ಣೀರಿಟ್ಟಿದ್ದ ಆ ತಂದೆಯೇ. ಮೂವರ ಹೆಸರೂ ಅವರಿಗೆ ಬಾಯಿಪಾಠವಾಗಿತ್ತು.