ಆಡದ ಪಂದ್ಯದ ಫಲಿತಾಂಶ

ಏಷ್ಯಾ ಫುಟ್ಸಾಲ್ ಚಾಂಪಿಯನ್ನರ ಪಟ್ಟಿ ತೆಗೆದು ನೋಡಿ. 2018ರ ಮುಂದೆ ಇರಾನ್ ಅಂತ ಇದೆ. 2022ರ ಮುಂದೆ ಜಪಾನ್. ನಡುವೆ 2020ರ ಸಾಲಿನಲ್ಲಿ ಯಾವ ದೇಶದ ಹೆಸರೂ ಇಲ್ಲ, ‘ರದ್ದು’ ಅಂತ ಮಾತ್ರ. ಆಟವೇ ಆಗಿಲ್ಲ, ಇನ್ನು ಸೋಲು ಗೆಲುವು ಎಲ್ಲಿಂದ ಬಂತು ಅಂದುಕೊಂಡು ನಾವು ಕೆಳಗಿನ ಸಾಲಿಗೆ ಹೋಗಿಬಿಡ್ತೀವಿ. ಆದರೆ ಆಡದ ಆ ಪಂದ್ಯಾವಳಿಯಿಂದಲೂ ಒಂದು ಫಲಿತಾಂಶ ಬಂತು. ಈ ವಾರ ಅದರ ಬಗ್ಗೆ ಮಾತಾಡೋಣ.

ಫುಟ್ಸಾಲ್ ಅಂದರೆ ಬೆಂಗಳೂರಿನಲ್ಲಿ ಆಫೀಸ್ ಮುಗಿಸಿ ಟರ್ಫ್ ಬುಕ್ ಮಾಡಿ ಐದೈದು ಜನ ಆಡ್ತೀವಲ್ಲ, ಹೆಚ್ಚುಕಡಿಮೆ ಅದೇ ಜಾತಿಯ ಆಟ. 1930ರಲ್ಲಿ ಉರುಗ್ವೆಯ ಮೊಂಟೆವಿಡಿಯೊದಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬ ಮೇಷ್ಟ್ರು ಇದನ್ನು ರೂಪಿಸಿದರು. ಹುಲ್ಲು ಬೇಡ, ಗಟ್ಟಿ ನೆಲ ಸಾಕು. ಸುಮಾರು 40 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣ, ಪುಟಿಯೋದು ಕಡಿಮೆ ಇರುವ ಚಿಕ್ಕ ಚೆಂಡು, 20 ನಿಮಿಷದ ಎರಡು ಅವಧಿ. ಚೆಂಡು ಗೆರೆ ದಾಟಿದರೆ ಗಡಿಯಾರವನ್ನೂ ನಿಲ್ಲಿಸ್ತಾರೆ. ಮತ್ತೆ ಆಟ ಶುರುವಾದಾಗಲೇ ಅದೂ ಓಡೋದು.

2020ರ ಏಷ್ಯಾ ಚಾಂಪಿಯನ್‌ಶಿಪ್ ಮೊದಲು ನಡೆಯಬೇಕಿದ್ದದ್ದು ತುರ್ಕಮೆನಿಸ್ತಾನದ ಅಶ್ಗಾಬಾದ್‌ನಲ್ಲಿ. 16 ದೇಶಗಳು ಸೇರಬೇಕಿತ್ತು. ಕೊರೋನಾ ಬಂತು. ದಿನಾಂಕ ಮುಂದಕ್ಕೆ ಹೋಯ್ತು, ಮತ್ತೆ ಮುಂದಕ್ಕೆ ಹೋಯ್ತು. ಜಾಗ ಕುವೈತ್‌ಗೆ ಬದಲಾಯ್ತು. ಕೊನೆಗೆ 2021ರ ಜನವರಿಯಲ್ಲಿ ಏಷ್ಯಾ ಫುಟ್‌ಬಾಲ್ ಒಕ್ಕೂಟ ಪೂರ್ತಿ ರದ್ದು ಮಾಡಿತು. ತಪ್ಪು ಅನ್ನೋಕಾಗಲ್ಲ. ಊರೂರಲ್ಲಿ ಆಸ್ಪತ್ರೆಗೆ ಹಾಸಿಗೆ ಹುಡುಕ್ತಿದ್ದ ಕಾಲ ಅದು.

ಆದರೆ ಒಂದು ಪ್ರಶ್ನೆ ಉಳೀತು. ಅದೇ 2021ರ ಸೆಪ್ಟೆಂಬರ್‌ನಲ್ಲಿ ಲಿಥುವೇನಿಯಾದಲ್ಲಿ ಫುಟ್ಸಾಲ್ ವಿಶ್ವಕಪ್. ಅದಕ್ಕೆ ಏಷ್ಯಾದಿಂದ ಐದು ತಂಡ ಹೋಗಬೇಕು. ಯಾವ ಐದು ಅಂತ ತೀರ್ಮಾನ ಆಗಬೇಕಿದ್ದದ್ದು ಈ ರದ್ದಾದ ಪಂದ್ಯಾವಳಿಯಲ್ಲಿ. ಈಗೇನು ಮಾಡೋದು? ಒಕ್ಕೂಟ ಹಳೆಯ ದಾಖಲೆ ತೆಗೆದು ನೋಡಿತು. ಇರಾನ್, ಜಪಾನ್, ಉಜ್ಬೇಕಿಸ್ತಾನ್ ನೇರವಾಗಿ ಒಳಗೆ. 2018ರಲ್ಲಿ ಮೊದಲ ಮೂರು ಸ್ಥಾನ ಪಡೆದವರೂ ಇವರೇ. ಉಳಿದ ಎರಡು ಜಾಗಕ್ಕೆ ಥಾಯ್ಲೆಂಡ್, ಇರಾಕ್, ವಿಯೆಟ್ನಾಂ, ಲೆಬನಾನ್ ನಡುವೆ ಯುಎಇಯಲ್ಲಿ ಪ್ಲೇ ಆಫ್. ಥಾಯ್ಲೆಂಡ್ ಮತ್ತು ವಿಯೆಟ್ನಾಂ ಗೆದ್ದವು.

ಈ ಏಳು ಹೆಸರಲ್ಲಿ ಇಂಡೊನೇಷ್ಯಾ ಇಲ್ಲ. 2019ರಲ್ಲಿ ಆಗ್ನೇಯ ಏಷ್ಯಾ ಟೂರ್ನಿಯ ಫೈನಲ್‌ವರೆಗೆ ಹೋಗಿ, ಎಷ್ಟೋ ವರ್ಷದ ಮೇಲೆ ಏಷ್ಯಾ ಚಾಂಪಿಯನ್‌ಶಿಪ್‌ಗೆ ಅರ್ಹತೆ ಪಡೆದಿದ್ದ ತಂಡ. ಅವರ ಒಳ್ಳೆಯ ಕಾಲ ಆಗ ತಾನೇ ಶುರುವಾಗಿತ್ತು, ಹಾಗಾಗಿ ತೋರಿಸೋಕೆ ಹಳೆಯ ದಾಖಲೆ ಇರಲಿಲ್ಲ. 2022ರಲ್ಲಿ ಕುವೈತ್‌ನಲ್ಲಿ ಮುಂದಿನ ಟೂರ್ನಿ ನಡೆದಾಗ ಇದೇ ಇಂಡೊನೇಷ್ಯಾ ಕ್ವಾರ್ಟರ್ ಫೈನಲ್‌ಗೆ ಬಂತು. ಆ ವರ್ಷ ಕಪ್ ಗೆದ್ದ ಜಪಾನ್ ಎದುರು ಒಂದೇ ಗೋಲಿನಿಂದ ಸೋತಿತು. ಎರಡು ವರ್ಷ ಮೊದಲು ಆಡಿದ್ದರೆ ಏನಾಗ್ತಿತ್ತೋ, ಅದನ್ನ ಯಾವ ದಾಖಲೆಯೂ ಹೇಳಲ್ಲ.

‘ನಮಗೇನು ಬಿಡಿ, ಆಗ ಭಾರತಕ್ಕೆ ಫುಟ್ಸಾಲ್ ತಂಡವೇ ಇರಲಿಲ್ಲ’ ಅನ್ನಬಹುದು. ನಿಜ, ನಮ್ಮ ರಾಷ್ಟ್ರೀಯ ತಂಡ ಕಣಕ್ಕಿಳಿದದ್ದೇ 2023ರಲ್ಲಿ. ಆದರೆ 2021ರ ಆ ಜನವರಿಯಲ್ಲಿ ಫುಟ್ಸಾಲ್ ಜೊತೆಗೆ ಬಹ್ರೇನ್‌ನಲ್ಲಿ ನಡೆಯಬೇಕಿದ್ದ 16 ವರ್ಷದೊಳಗಿನವರ ಏಷ್ಯಾ ಫುಟ್‌ಬಾಲ್ ಚಾಂಪಿಯನ್‌ಶಿಪ್ ಕೂಡ ರದ್ದಾಯ್ತು. ಅದಕ್ಕೆ ಭಾರತದ ಹುಡುಗರು ಅರ್ಹತೆ ಪಡೆದಿದ್ದರು. ಬಿಬಿಯಾನೊ ಫೆರ್ನಾಂಡಿಸ್ ಕೋಚ್. 2019ರಲ್ಲಿ ತಾಷ್ಕೆಂಟ್‌ಗೆ ಹೋಗಿ, ಆತಿಥೇಯ ಉಜ್ಬೇಕಿಸ್ತಾನ್ ಇದ್ದ ಗುಂಪಿನಲ್ಲಿ ಮೊದಲ ಸ್ಥಾನ ಪಡೆದು ಬಂದಿದ್ದರು. ಎಲ್ಲರೂ 2004 ಅಥವಾ ಆಮೇಲೆ ಹುಟ್ಟಿದವರು. ಮುಂದಿನ ಟೂರ್ನಿ ಬರೋ ಹೊತ್ತಿಗೆ 2004ರಲ್ಲಿ ಹುಟ್ಟಿದವರ ವಯಸ್ಸು ಮೀರಿತ್ತು. ದೊಡ್ಡವರ ಟೂರ್ನಿಯಲ್ಲಾದರೆ ಮುಂದಿನ ಸಲ ನೋಡಿಕೊಳ್ಳೋಣ ಅನ್ನಬಹುದು. ಹದಿನಾರರ ಹುಡುಗನಿಗೆ ಮುಂದಿನ ಸಲ ಅನ್ನೋದೇ ಇಲ್ಲ.

ಮೇಲೂರಿನ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ಶಿಡ್ಲಘಟ್ಟ ತಾಲ್ಲೂಕು, ರೇಷ್ಮೆ ಸೀಮೆ. ಹುಳು ನಾಲ್ಕು ಜ್ವರ ದಾಟಿ ಹಣ್ಣಾದ ಮೇಲೆ ಚಂದ್ರಿಕೆಗೆ ಬಿಡಲೇಬೇಕು. ಇವತ್ತು ಮನೇಲಿ ಮದುವೆ ಇದೆ, ನಾಳೆ ಬಿಡೋಣ ಅಂದರೆ ಅದು ಕೇಳಲ್ಲ. ಗೂಡು ಕಟ್ಟಿದ ಮೇಲೂ ಅಷ್ಟೆ. ಹತ್ತು ಹನ್ನೆರಡು ದಿನದಲ್ಲಿ ಚಿಟ್ಟೆ ಗೂಡು ತೂತು ಮಾಡಿಕೊಂಡು ಬಂದುಬಿಡುತ್ತೆ, ಆಮೇಲೆ ಅದರಿಂದ ಉದ್ದ ಎಳೆ ತೆಗೆಯೋಕಾಗಲ್ಲ. 2020ರ ಬೇಸಿಗೆಯ ಲಾಕ್‌ಡೌನಿನಲ್ಲಿ ಚಿಕ್ಕಬಳ್ಳಾಪುರದ ಸುತ್ತ ದ್ರಾಕ್ಷಿ ತೋಟದಲ್ಲೇ ಕೊಳೆತದ್ದನ್ನು ಎಲ್ಲರೂ ನೋಡಿದ್ದೀವಿ. ಸರ್ಕಾರ ದಿನಾಂಕ ಮುಂದೂಡಬಹುದು, ಬೆಳೆ ಮುಂದೂಡಲ್ಲ.

ತಾಷ್ಕೆಂಟ್‌ನಲ್ಲಿ ಗೆದ್ದ ಹುಡುಗರ ಓರಗೆಯವರು ಆಗ ನಮ್ಮೂರಲ್ಲೂ ಇದ್ದರು. ಅವರ ಆಟದ ಹೆಸರು ದ್ವಿತೀಯ ಪಿಯುಸಿ. 2021ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಆ ವರ್ಷದ ಪರೀಕ್ಷೆ ರದ್ದು ಮಾಡಿತು. ಅಂಕ ಕೊಟ್ಟದ್ದು ಹೇಗೆ? ಎಸ್ಸೆಸ್ಸೆಲ್ಸಿಯಿಂದ ಶೇ 45, ಪ್ರಥಮ ಪಿಯುಸಿಯಿಂದ ಶೇ 45, ಆಂತರಿಕ ಮೌಲ್ಯಮಾಪನಕ್ಕೆ ಶೇ 10. ಅಂದರೆ ಇಲ್ಲೂ ಹಳೆಯ ದಾಖಲೆ. 6 ಲಕ್ಷಕ್ಕೂ ಹೆಚ್ಚು ಮಕ್ಕಳು ಪಾಸಾದರು. 2,239 ಮಂದಿಗೆ 600ಕ್ಕೆ 600 ಬಂತು. ಟಿವಿಯಲ್ಲಿ ಅದೇ ಸುದ್ದಿ.

ನಮ್ಮ ಚಿಕ್ಕಪ್ಪನ ಮಗ ಅದೇ ಬ್ಯಾಚು, ಕಾಮರ್ಸ್. ಎಸ್ಸೆಸ್ಸೆಲ್ಸಿಯಲ್ಲಿ ಸುಮಾರಾಗಿ ಪಾಸಾಗಿದ್ದ. ಫಸ್ಟ್ ಪಿಯುಸಿ ಕೂಡ ಹಾಗೇ. ಸೆಕೆಂಡ್ ಪಿಯುಸಿಯಲ್ಲಿ ಅದೇನು ಹಠ ಬಂತೋ, ಬೆಳಗ್ಗೆ ಹುಳುಗಳಿಗೆ ಸೊಪ್ಪು ಹಾಕಿ ಬಂದು ಅಕೌಂಟೆನ್ಸಿ ಲೆಕ್ಕ ಹಿಡಿದು ಕೂರ್ತಿದ್ದ. ಫಲಿತಾಂಶ ಬಂದ ದಿನ ಮನೆಯವರೆಲ್ಲ ಖುಷಿ, ಪಾಸಲ್ವಾ ಅಂತ. ಅವನು ನನಗೆ ಫೋನ್ ಮಾಡಿ ಹೇಳಿದ್ದು ಇಷ್ಟು: “ಅಣ್ಣ, ಇದು ಹತ್ತನೇ ಕ್ಲಾಸಲ್ಲಿದ್ದ ನನ್ನ ಮಾರ್ಕ್ಸು ಕಣಣ್ಣ. ಈ ವರ್ಷ ಓದಿದವನ ಮಾರ್ಕ್ಸು ಎಲ್ಲಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ದಾರಿ ಮಾತ್ರ ಇತ್ತು. ಆ ಅಂಕ ಬೇಡ ಅನ್ನುವವರು ಆಗಸ್ಟ್‌ನಲ್ಲಿ ಪರೀಕ್ಷೆ ಬರೆಯಬಹುದು ಅಂತ ಸರ್ಕಾರ ಅವಕಾಶ ಕೊಟ್ಟಿತ್ತು. ಅವನು ಬರೆಯಲಿಲ್ಲ. ಕೈಯಲ್ಲಿರೋ ಪಾಸನ್ನ ಯಾಕೆ ಬಿಡ್ತೀಯ ಅಂದರು ಚಿಕ್ಕಪ್ಪ. ಎರಡನೇ ಅಲೆ ಮುಗಿದಿದ್ದ ದಿನಗಳು, ಪರೀಕ್ಷಾ ಕೇಂದ್ರಕ್ಕೆ ಕಳಿಸೋಕೆ ಯಾವ ಅಪ್ಪನಿಗೂ ಧೈರ್ಯ ಇರಲಿಲ್ಲ. ಆಸೆಪಟ್ಟಿದ್ದ ಬೆಂಗಳೂರಿನ ಕಾಲೇಜಿನಲ್ಲಿ ಆ ಅಂಕಕ್ಕೆ ಬಿ.ಕಾಂ ಸೀಟು ಸಿಗಲಿಲ್ಲ. ಬೇರೆ ಕಡೆ ಓದಿದ, ಮುಗಿಸಿದ, ಈಗ ಕೆಲಸ ಹುಡುಕ್ತಿದ್ದಾನೆ. ಅರ್ಜಿಯಲ್ಲಿ ಪಿಯುಸಿ ಶೇಕಡಾವಾರು ಅಂಕ ಎಷ್ಟು ಅನ್ನುವ ಖಾನೆ ಬಂದಾಗಲೆಲ್ಲ ಆ ಹತ್ತನೇ ಕ್ಲಾಸಿನ ಹುಡುಗನ ಅಂಕವನ್ನೇ ತುಂಬಬೇಕು.

ಕುವೈತ್ ಆಗಲಿ, ಬಹ್ರೇನ್ ಆಗಲಿ, ಮಲ್ಲೇಶ್ವರದ ಪಿಯು ಇಲಾಖೆ ಆಗಲಿ, ಲೆಕ್ಕ ಒಂದೇ. ಪರೀಕ್ಷೆ ರದ್ದಾದಾಗ ಎಲ್ಲರಿಗೂ ಸಮನಾಗಿ ನಷ್ಟ ಆಗಲ್ಲ. ಮೊದಲೇ ಹೆಸರು ಮಾಡಿದವರಿಗೆ ಹಳೆಯ ಹೆಸರೇ ಸಾಕಾಗುತ್ತೆ. ಆ ವರ್ಷವೇ ಬದಲಾಗಿದ್ದವನಿಗೆ, ತಡವಾಗಿ ಎದ್ದವನಿಗೆ ಕೈಯಲ್ಲಿ ಏನೂ ಇರಲ್ಲ. ಹಾಗಂತ ಪ್ರಾಣ ಒತ್ತೆ ಇಟ್ಟು ಆಟ ಆಡಿಸಿ, ಪರೀಕ್ಷೆ ಮಾಡಿ ಅಂತ ನಾನು ಹೇಳ್ತಿಲ್ಲ. ರದ್ದು ಮಾಡುವಾಗ ಒಂದು ಬಾಗಿಲು ತೆರೆದಿಡಿ, ಆ ಬಾಗಿಲು ದಾಟೋಕೆ ಭಯ ಆಗದ ಹಾಗಿರಲಿ ಅಂತ ಅಷ್ಟೆ. ನಾಲ್ಕು ದೇಶಕ್ಕೆ ಪ್ಲೇ ಆಫ್ ಆಡಿಸಿದವರು ಆರಕ್ಕೋ ಎಂಟಕ್ಕೋ ಆಡಿಸಬಹುದಿತ್ತು. ಆಗಸ್ಟ್ ಪರೀಕ್ಷೆ ಬರೆದವರಿಗೆ ಎರಡರಲ್ಲಿ ಹೆಚ್ಚು ಬಂದ ಅಂಕ ಕೊಡ್ತೀವಿ ಅಂದಿದ್ದರೆ ಎಷ್ಟು ಮಕ್ಕಳು ಧೈರ್ಯ ಮಾಡ್ತಿದ್ದರೋ.

ಇದನ್ನ ಫೋನಿನಲ್ಲಿ ಓದ್ತಿರೋ ನಿಮ್ಮಲ್ಲಿ ಕೆಲವರು 2021ರ ಬ್ಯಾಚಿನವರೇ ಇರ್ತೀರಿ. ಇನ್ನು ಕೆಲವರು ಕಂಪನಿಗಳಲ್ಲಿ ಹೊಸಬರ ಸಂದರ್ಶನ ಮಾಡುವ ಜಾಗಕ್ಕೆ ಬಂದಿರ್ತೀರಿ. ಆ ಎರಡನೆಯವರಿಗೆ ಒಂದು ಮಾತು. ರೆಸ್ಯೂಮೆಯಲ್ಲಿ ‘ದ್ವಿತೀಯ ಪಿಯುಸಿ, 2021’ ಅಂತ ಕಂಡರೆ ಪಕ್ಕದ ಅಂಕಿ ನೋಡಿ ಪಕ್ಕಕ್ಕಿಡಬೇಡಿ. ಅದು ಬರೆಯದ ಪರೀಕ್ಷೆಯ ಅಂಕ. ಎದುರಿಗೆ ಕೂರಿಸಿ ಒಂದು ಲೆಕ್ಕ ಕೊಡಿ, ಮಾಡಲಿ. ಹದಿನೇಳರಲ್ಲಿ ತಪ್ಪಿದ ಆಟ, ಇಪ್ಪತ್ತೆರಡರಲ್ಲಾದರೂ ಒಂದು ಸಲ ಆಡಿಸಿ ನೋಡಿ.